ತಲೆ ಯಾವುದು, ತಳ ಯಾವುದು

ಆ ಮನುಷ್ಯ ತೀರಿಕೊಂಡನೆಂದು ಸೊಸೆ ಬಂದು ಹೇಳಿದಾಗ ನಾನು ಗಜ್ಜರಿ ಹೆಚ್ಚುತ್ತಿದ್ದೆ. ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅಳುವೂ ಬರಲಿಲ್ಲ. ಅಳಬೇಕಾದವರು ಅವನ ಮನೆಯಲ್ಲಿದ್ದಾರೆ. ನನಗೆ ಬಂದದ್ದು ಒಂದು ಥರದ ಗೊಂದಲ. ಅವನು ಬದುಕಿದ್ದಾಗಲೂ ನನಗೆ ಅವನ ಮುಂದೆ ಕೂತರೆ ಅದೇ ಬರುತ್ತಿತ್ತು.

ಹೆಸರು ಬರೆಯುವುದಿಲ್ಲ. ಹೆಂಡತಿ ಇದ್ದಾಳೆ, ಆಕೆಗೆ ಸರಿ ಬರದೆ ಇರಬಹುದು. ಗದಗಿನ ಕಡೆಯ ಮುಸಲ್ಮಾನರು. ಇಲ್ಲಿ ನೆಲ್ಸನ್ ಎನ್ನುವ ಊರಿನಲ್ಲಿ ಬಂದರದ ಹತ್ತಿರ ಮೀನು, ಸೇಬುಹಣ್ಣು ಇಡುವ ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ ಮಷೀನು ರಿಪೇರಿಯ ಕೆಲಸ ಮಾಡುತ್ತಿದ್ದ. ನಮ್ಮ ಪಕ್ಕದ ಮನೆಯಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಮಗಳಿದ್ದಾಳೆಂದು ಗಂಡ ಹೆಂಡತಿ ಇಬ್ಬರೂ ಕ್ರೈಸ್ಟ್‌ಚರ್ಚಿಗೆ ಹೋದರು.

ನಾನು ಮಗನ ಹಿಂದೆ ಈ ದೇಶಕ್ಕೆ ಬಂದದ್ದು ಎರಡು ಸಾವಿರದ ನಾಲ್ಕೋ ಐದೋ. ಬಂದ ಹೊಸದರಲ್ಲಿ ಒಂದು ದಿನ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯ ಆಚೆ ಒಬ್ಬ ಗಂಡಸು ಯಾರನ್ನೋ ಕೇಳುತ್ತಿದ್ದ.

"ಯಾಕ ಚಾಲೂ ಆಗವಲ್ಲಿ? ಹಾಂ? ಏನಾಗೇತಿ ಹೇಳು ನನಗ."

ನಮ್ಮ ಊರಿನ ಮಾತು! ಮಗುವನ್ನು ರಮಿಸುವ ದನಿ. ಹತ್ತಿರ ಹೋಗಿ ಇಣುಕಿದೆ. ಹುಲ್ಲು ಕತ್ತರಿಸುವ ಮಷೀನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ವಿಚಾರಿಸುತ್ತಿದ್ದ.

"ಅದೇನು ಉತ್ತರ ಕೊಡ್ತೈತಾ ತಮ್ಮಾ?" ಎಂದೆ.

ತಲೆ ಎತ್ತಿದ. ಬಿಳಿ ಗಡ್ಡ, ದಪ್ಪ ಕನ್ನಡಕ. ಹೆದರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಕೊಡ್ತೈತ್ರಿ ಅವ್ವಾರ. ತಡಾ ಮಾಡ್ತೈತಿ ಅಷ್ಟ," ಎಂದ.

ನಮ್ಮ ಕಡೆ ಚಕ್ಕಡಿ ಗಾಲಿ ತಿರುಗಲಿಲ್ಲ ಎಂದು ಹೇಳುವುದಿಲ್ಲ, ತಿರುಗವಲ್ದು ಎನ್ನುತ್ತೇವೆ. ಎಂದರೆ ಅದು ತಿರುಗಲು ಒಲ್ಲೆ ಎನ್ನುತ್ತದೆ. ಬೀಗ ತೆರೆಯವಲ್ದು, ಒಲೆ ಹೊತ್ತವಲ್ದು. ಇದು ಮಾತಿನ ರೂಢಿ, ಯಾರೂ ವಿಚಾರ ಮಾಡಿ ಆಡುವುದಿಲ್ಲ. ಆದರೆ ಇವನು ಅದನ್ನು ಖರೇ ಎಂದು ನಂಬಿದ್ದ. ಒಲ್ಲೆ ಎನ್ನುವ ವಸ್ತುವಿಗೆ ಏನೋ ಒಂದು ಕಾರಣ ಇರುತ್ತದೆ, ಬಡಿಯಬಾರದು, ಕೇಳಬೇಕು ಎನ್ನುತ್ತಿದ್ದ. ಕೆಲಸದಲ್ಲಿ ಬಿಳಿಯರ ಹುಡುಗರು ಸುತ್ತಿಗೆ ತೆಗೆದುಕೊಂಡರೆ ಇವನು ಕೈ ಅಡ್ಡ ಹಿಡಿಯುತ್ತಿದ್ದನಂತೆ.

ಮಾತಾಡಲು ಅವರ ಮನೆಗೆ ಹೋಗುವುದು ನನಗೆ ರೂಢಿಯಾಯಿತು. ಮೊದಲ ದಿನವೇ ಅವನ ಹೆಂಡತಿ, ನನಗೆಂದು ಬೇರೆ ಹೊಸ ಪಾತ್ರೆ ತಂದಿದ್ದೇವೆ, ಅದರಲ್ಲೇ ಚಹಾ ಮಾಡುತ್ತೇನೆ ಎಂದಳು. "ಆ ನಾಟಕ ನನಗ ಬ್ಯಾಡವಾ. ತೊಳದಿದ್ರ ಸಾಕು," ಎಂದೆ. ಅವನು ಒಳಗಿನಿಂದ ನಕ್ಕದ್ದು ಕೇಳಿಸಿತು. ಆದರೂ ಅವನು ಆ ಪಾತ್ರೆಯನ್ನು ಬೇರೆ ಯಾವುದಕ್ಕೂ ಮುಟ್ಟಗೊಡಲಿಲ್ಲ. ಇಂಥ ಹಟಮಾರಿ.

ಅವನ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಯೂಟ್ ಎಂದು ಇಲ್ಲಿಯವರು ಕರೆಯುವ, ಹಿಂದೆ ತೆರೆದಿರುವ ಅವನ ಗಾಡಿ ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ಒಳಗೆ ಉದ್ದನೆಯ ಮೇಜು, ಅದಕ್ಕೆ ಬಿಗಿದ ಒಂದು ಕೈಪ್ರೆಸ್ಸು, ಮತ್ತು ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ಕೊಳವೆಗಳು. ಕೈಬೆರಳಿನಷ್ಟು ಉದ್ದ, ಮೇಲೆ ಸಣ್ಣ ಕೊರಳು. ನಾನು ಅವನ್ನು ಕುಂಕುಮದ ಭರಣಿ ಎಂದುಕೊಂಡು ಒಂದನ್ನು ಎತ್ತಿ ನೋಡಿದೆ.

"ಕಾಡತೂಸಿನ ಮೈ ಅವ್ವಾರ ಅದು," ಎಂದ.

ಕೈಬಿಟ್ಟೆ. ಅದು ನೆಲದ ಮೇಲೆ ಉರುಳಿ ಹೋಯಿತು. ಅವನು ನಗುತ್ತಲೇ ಹುಡುಕಿ ತಂದು ಮತ್ತೆ ಸಾಲಿನಲ್ಲಿ ನಿಲ್ಲಿಸಿದ. "ಖಾಲಿ ಐತ್ರಿ. ಬರೇ ಹಿತ್ತಾಳಿ."

ಅವನೇ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬಂದೂಕು ಹಾರಿಸಿದಾಗ ಗುಂಡು ಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಆ ಬೆಂಕಿಗೆ ಹಿತ್ತಾಳೆ ಉಬ್ಬಿ, ಬಂದೂಕಿನೊಳಗೆ ತಾನು ಕೂತ ಗೂಡಿನ ಅಳತೆಗೆ ಬರುತ್ತದೆ. ಅದನ್ನು ಪ್ರೆಸ್ಸಿನಲ್ಲಿಟ್ಟು, ಡೈ ಎನ್ನುವ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ ಹಾರಿಸುತ್ತಾರೆ. ಅಂಗಡಿಯಲ್ಲಿ ಹೊಸದೇ ಸಿಗುತ್ತದೆ.

"ಮತ್ತ ಯಾಕೋ ಈ ಉಠಾಬಸಿ? ಜಿಪುಣತನಾನ?"

"ಚಟಾರಿ," ಎಂದ.

ಅಂಥ ಚಟ ನಾನು ಕೇಳಿರಲಿಲ್ಲ. ಸೊಸೆಗೆ ಭಯ. "ಅತ್ತಿ, ಬಂದೂಕು ಇರೋ ಮನಿಗೆ ಯಾಕ ಹೊಕ್ಕೀರಿ?" ಎನ್ನುತ್ತಿದ್ದಳು. ಅವನ ಬಂದೂಕು ಉಕ್ಕಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಇರುತ್ತಿತ್ತು, ಪೊಲೀಸರು ಬಂದು ನೋಡಿಹೋಗುತ್ತಾರೆ ಎಂದರೂ ಅವಳು ನಂಬಲಿಲ್ಲ. ಅವನು ಹೋಗುತ್ತಿದ್ದುದು ಜಿಂಕೆಯ ಬೇಟೆಗೆ, ಅವುಗಳನ್ನು ಹೊಡೆಯುವುದು ಇಲ್ಲಿ ತಪ್ಪಲ್ಲವಂತೆ. ಗುಡ್ಡದ ಗಿಡಗಳನ್ನೆಲ್ಲ ತಿಂದು ಹಾಳು ಮಾಡುತ್ತವೆ, ಅವು ಈ ದೇಶದ ಪ್ರಾಣಿಯೇ ಅಲ್ಲ, ಹೊರಗಿನಿಂದ ಹಡಗಿನಲ್ಲಿ ತಂದು ಬಿಟ್ಟದ್ದು ಎಂದು ಮಗ ಹೇಳಿದ.

"ನಾವೂ ಹೊರಗಿನಿಂದನ ಬಂದೇವಲ್ಲೋ," ಎಂದೆ.

ಮಗ ಟಿವಿಯ ದನಿ ಹೆಚ್ಚಿಸಿದ.

ನಾನು ಹುಟ್ಟಿದಾಗಿನಿಂದ ಕಾಯಿಪಲ್ಯ ತಿಂದವಳು. ಅವನು ಬೇಟೆಗೆ ಹೋಗುತ್ತಾನೆಂದು ಗೊತ್ತಿದ್ದರೂ ಅವನ ಮನೆಯ ಚಹಾ ಕುಡಿಯುತ್ತಿದ್ದೆ.

ಒಂದು ವರ್ಷ, ಇಲ್ಲಿ ಚಳಿ ಶುರುವಾಗುವ ಮುಂಚೆ, ಗಂಡು ಜಿಂಕೆಗಳು ಗುಡ್ಡದಲ್ಲಿ ಕೂಗುವ ಕಾಲದಲ್ಲಿ ಅವನು ಒಬ್ಬನೇ ಯೂಟ್ ತೆಗೆದುಕೊಂಡು ಹೋದ. ಮರುದಿನ ಬಂದ. ನಾನು ಹೋದಾಗ ಗ್ಯಾರೇಜಿನ ಬಾಗಿಲಲ್ಲಿ ಕೆಸರು ಬೂಟು ಹಾಕಿಕೊಂಡೇ ಕೂತಿದ್ದ. ಹೆಂಡತಿ ನನಗೆ ಕಣ್ಣಿನಲ್ಲೇ ಸುಮ್ಮನಿರಿ ಎಂದಳು. ಸುಮ್ಮನಿರುವುದು ನನಗೆ ಬರುವುದಿಲ್ಲ.

"ಏನಾತೋ?"

"ಎರಡನೇದು ಹೋಗ್ಲಿಲ್ರಿ."

ಹೇಳಿದ. ಹೆಣ್ಣು ಜಿಂಕೆ. ಬಿಸ್ಮಿಲ್ಲಾ ಎಂದು ಹೊಡೆದ. ಬಿತ್ತು, ಮತ್ತೆ ಎದ್ದಿತು. ಹಿಂದಿನ ಕಾಲು ಎಳೆಯುತ್ತಿತ್ತು. ಕೂಡಲೇ ಎರಡನೆಯದನ್ನು ಹಾಕಿ ಮುಗಿಸಬೇಕು. ಕಾಡತೂಸು ಮುಕ್ಕಾಲು ಒಳಗೆ ಹೋಗಿ ಸಿಕ್ಕಿಕೊಂಡಿತು. ಅದನ್ನು ಹಿಂದಿನಿಂದ ಒಳಗೆ ತಳ್ಳುವ ಬೋಲ್ಟ್ ಮುಚ್ಚಲು ಬಾರದು, ಹಿಂದೆ ಎಳೆಯಲೂ ಬಾರದು.

"ಅದು ನನ್ನ ನೋಡ್ಕೊಂತ, ನೋಡ್ಕೊಂತ ಗಿಡದಾಗ ಹೋತ್ರಿ. ಕತ್ತಲಾಗೂತನಕ ಹುಡುಕಿದೆ. ಮುಂಜಾನೆ ಹಳ್ಳದಾಗ ಸಿಕ್ತು."

"ಸತ್ತಿತ್ತಲ್ಲ? ತರಬೇಕಿಲ್ಲೋ ಮತ್ತ?"

"ಹಲಾಲ್ ಹೌದೋ ಅಲ್ಲೋ, ಆ ಮಾತಲ್ಲ ಅವ್ವಾರ. ಮುಟ್ಟಿ ನೋಡಿದೆ. ಮೈ ಇನ್ನೂ ಬಿಸಿ ಇತ್ತು."

ರಾತ್ರಿಯೆಲ್ಲ ಅದು ಬದುಕಿತ್ತು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ತಿಳಿಯಿತು.

"ಹಂಗಾರ ಬಿಟ್ಟುಬಿಡು ಈ ದಂಧೆ," ಎಂದೆ.

"ಆ ಕಾಡತೂಸು ಯಾಕ ಒಲ್ಲೆ ಅಂತು ಅಂತ ತಿಳಿಯೂತನಕ ಬಿಡಾಂಗಿಲ್ಲ. ತಿಳಿಯೂತನಕ ಗುಡ್ಡಕ್ಕೂ ಹೋಗಾಂಗಿಲ್ಲ. ಮತ್ತೊಂದನ್ನ ಹಂಗ ನರಳಾಕ ಬಿಡೂದಿಲ್ರಿ ನಾ."

ಕೊಲ್ಲುವವನಿಗೆ ಇದು ಯಾಕೆ ಬೇಕು ಎಂದು ನಾನು ಮನೆಗೆ ಬರುವ ತನಕ ಯೋಚಿಸಿದೆ. ಕೊಲ್ಲುವುದು ಬೇರೆ, ನರಳಿಸುವುದು ಬೇರೆಯೇ? ಇರಬಹುದು. ನಮ್ಮ ಮನೆಯಲ್ಲಿ ಇಂಥದ್ದನ್ನು ವಿಚಾರ ಮಾಡಿದವರು ಯಾರೂ ಇರಲಿಲ್ಲ.

ಆವತ್ತಿನಿಂದ ಶುರುವಾಯಿತು ಅವನ ವಿಚಾರಣೆ. ಆ ಹಿತ್ತಾಳೆ ಅವನದಲ್ಲ, ಬೇರೆಯವರು ತಮ್ಮ ಬಂದೂಕುಗಳಲ್ಲಿ ಹಾರಿಸಿ ಬಿಟ್ಟದ್ದು, ಅವನು ಹೋಗುವ ಬೇಟೆಯವರ ಕ್ಲಬ್ಬಿನಿಂದ ಒಂದು ಚೀಲ ತಂದದ್ದು. ಕೆಲವು ಸಲೀಸಾಗಿ ಗೂಡಿನೊಳಗೆ ಹೋಗುತ್ತಿದ್ದವು, ಕೆಲವು ಒಲ್ಲೆ ಎನ್ನುತ್ತಿದ್ದವು. ನೋಡಲು ಎಲ್ಲವೂ ಒಂದೇ. ಅವನು ವರ್ನಿಯರ್ ಅಳತೆಗೋಲಿನಿಂದ ಅಳೆಯುತ್ತಿದ್ದ, ಬೆಳಕಿಗೆ ಹಿಡಿಯುತ್ತಿದ್ದ, ಕನ್ನಡಕ ಮೇಲೇರಿಸಿ, ಕೆಳಗಿಳಿಸಿ ನೋಡುತ್ತಿದ್ದ. ಖಾಲಿ ಕೊಳವೆಯನ್ನು ಬಂದೂಕಿಗೆ ಹಾಕುವುದು, ಖಟ್ ಎನ್ನದಿದ್ದರೆ ತೆಗೆಯುವುದು, "ಯಾಕ ಹೋಗವಲ್ಲಿ?" ಎಂದು ಕೇಳುವುದು. ನಾನು ಅವನ ಎದುರು ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಡಬ್ಬಿಯ ಮುಚ್ಚಳ ಕೂರದಿದ್ದರೆ ನಾನು ಡಬ್ಬಿಯನ್ನೇ ಬೇರೆಯವರಿಗೆ ಕೊಡುವವಳು.

"ಆ ಚೀಲ ಒಗದು ಹೊಸಾವು ತಗೋಬಾರದೇನೋ?"

"ಒಗದ್ರ ಕಾರಣ ಎಲ್ಲಿ ಸಿಗ್ತೈತ್ರಿ?"

ಒಂದು ದಿನ ಕಪ್ಪು ಪೆನ್ನಿನಿಂದ ಒಂದು ಕೊಳವೆಯ ಮೈತುಂಬ ಮಸಿ ಬಳಿದ. ಬಂದೂಕಿಗೆ ಹಾಕಿ ಒತ್ತಿ ತೆಗೆದ. ಎಲ್ಲಿ ತಿಕ್ಕುತ್ತದೋ ಅಲ್ಲಿ ಮಸಿ ಹೋಗಿ ಹಿತ್ತಾಳೆ ಹೊಳೆಯುತ್ತದೆ, ಅಲ್ಲೇ ದಪ್ಪ ಎಂದು ಲೆಕ್ಕ. ನನಗೂ ತೋರಿಸಿದ. ಕೆಳಗೆ, ತಳದ ಹತ್ತಿರ, ಉಂಗುರದ ಹಾಗೆ ಹೊಳೆಯುತ್ತಿತ್ತು.

"ತಳಾ ದಪ್ಪ ಆಗೇತಿ," ಎಂದೆ. ಕುರುಡರಿಗೂ ಕಾಣುವಂತಿತ್ತು.

ಅವನಿಗೂ ಕಂಡಿತ್ತು. ಆದರೆ ಅವನು ಕ್ಲಬ್ಬಿನ ಒಬ್ಬ ಬಿಳಿ ಮುದುಕನಿಗೆ ಫೋನ್ ಮಾಡಿ ಕೇಳಿದ್ದ. ಐವತ್ತು ವರ್ಷ ಇದೇ ಕೆಲಸ ಮಾಡಿದ ಮುದುಕ. ಚೀಲ ಕೊಟ್ಟವನೂ ಅವನೇ. ಅವನು ಫೋನಿನಲ್ಲಿ, "ಫ್ಯಾಟ್ ಅಟ್ ದ ಹೆಡ್, ಮೇಟ್," ಎಂದನಂತೆ. ಹೆಡ್ ಎಂದರೆ ತಲೆ. ಇದು ನನಗೂ ಗೊತ್ತು.

"ಮುದುಕ ತಲಿ ದಪ್ಪ ಅಂತಾನ. ಮಸಿ ತಳಾ ಅಂತೈತಿ. ಎರಡೂ ಸುಳ್ಳ ಹೇಳೂದಿಲ್ಲ. ನನಗ ತಿಳಿವಲ್ದ್ರಿ," ಎಂದ.

ಇಷ್ಟು ಹೇಳಿ ಅವನು ಮುದುಕನ ಮಾತನ್ನೇ ಹಿಡಿದ. ಹಿರಿಯ, ಕಲಿತವನು, ಸುಳ್ಳೇಕೆ ಹೇಳುತ್ತಾನೆ ಎಂದು. ಗುಂಡು ಕೂರುವ ಮೇಲಿನ ತುದಿಯೇ ತಲೆ ಎಂದು ತಿಳಿದು ಅದರ ಬಾಯಿಯನ್ನು ಸಣ್ಣ ಉಳಿಯಿಂದ ಹೆರೆದ. ಹೋಗಲಿಲ್ಲ. ಇನ್ನಷ್ಟು ಹೆರೆದ. ಡೈ ಮೇಲಿನಿಂದ ಹೆಚ್ಚು ಒತ್ತಿ ತಲೆಯನ್ನು ದಪ್ಪ ಮಾಡುತ್ತಿರಬಹುದು ಎಂದು ಅದನ್ನು ಒಂದು ಸುತ್ತು ಮೇಲಕ್ಕೆ ತಿರುಗಿಸಿ ಸಡಿಲ ಮಾಡಿದ. ಆಗ ಮೊದಲು ಹೋಗುತ್ತಿದ್ದವೂ ಹೋಗದಾದವು. ಸರಿ ಮಾಡಿದಷ್ಟೂ ಕೆಡುತ್ತಿತ್ತು. ಚಳಿಗಾಲ ಪೂರ್ತಿ ಹೀಗೇ ಹೋಯಿತು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಕೆಲಸದಿಂದ ಬಂದವನು ನೇರ ಗ್ಯಾರೇಜಿಗೆ ಹೋಗುತ್ತಿದ್ದ. ಹೆಂಡತಿ ಬಂದು ನನ್ನ ಹತ್ತಿರ ದೂರು ಹೇಳುತ್ತಿದ್ದಳು.

"ನಿದ್ದಿ ಮಾಡೂದಿಲ್ರಿ ಅಮ್ಮಾರ. ಕಣ್ಣು ಮುಚ್ಚಿದ್ರ ಆ ಜಿಂಕಿ ಬರ್ತೈತಂತ."

ನಾನು ಅವನಿಗೆ ಬಳೆಗಾರರ ಮಾತು ಹೇಳಿದೆ. ಬಳೆ ಬೆರಳಿನಲ್ಲಿ ಹೋಗುತ್ತದೆ, ಮುಂಗೈಯಲ್ಲೂ ಹೋಗುತ್ತದೆ, ಸಿಕ್ಕಿಕೊಳ್ಳುವುದು ಹೆಬ್ಬೆರಳಿನ ಬುಡದ ಗೆಣ್ಣಿನಲ್ಲಿ. ಬಳೆಗಾರ ಅಲ್ಲಿ ಹಿಚುಕುತ್ತಾನೆ, ಉಗುರು ಕತ್ತರಿಸುತ್ತಾ ಕೂರುವುದಿಲ್ಲ. ಅವನು ಕೇಳಿಸಿಕೊಂಡ, ಹೌದೆಂದು ತಲೆ ಆಡಿಸಿದ, ಮತ್ತೆ ಉಳಿ ತೆಗೆದುಕೊಂಡು ಬಾಯಿ ಹೆರೆಯತೊಡಗಿದ. ನನ್ನ ಮಾತನ್ನು ಎಲ್ಲರೂ ಯಾವಾಗಲೂ ಹೀಗೇ ಕೇಳುತ್ತಾರೆ, ಅದಕ್ಕೆ ಬೇಸರ ಇಲ್ಲ.

ಕೊನೆಗೆ ಆ ಮುದುಕನೇ ಒಂದು ಭಾನುವಾರ ಬಂದ. ಚಡ್ಡಿ, ಉದ್ದ ಕಾಲುಚೀಲ, ಕೈಯಲ್ಲಿ ಕೋಲು. ಮೇಜಿನ ಮೇಲೆ ಸಾಲಾಗಿ ನಿಂತ ಕೊಳವೆಗಳ ಮುಂದೆ ಬಹಳ ಹೊತ್ತು ನಿಂತ. ಒಂದನ್ನು ಎತ್ತಿ, ಬಾಯಿಯ ಕಡೆ ನೋಡಿ, ಹುಬ್ಬು ಏರಿಸಿದ. ಏನು ಮಾಡಿದ್ದೀ ಇದಕ್ಕೆ, ಯಾಕೆ ಇಷ್ಟು ಗಿಡ್ಡ ಮಾಡಿದ್ದೀ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇವನು, ನೀವೇ ಹೆಡ್ ದಪ್ಪ ಎಂದಿರಲ್ಲ ಎಂದ. ಮುದುಕ ಕೊಳವೆಯನ್ನು ತಲೆಕೆಳಗು ಮಾಡಿ, ಅಡಿಯಲ್ಲಿ ಸುತ್ತ ಅಕ್ಷರ ಒತ್ತಿದ ಜಾಗಕ್ಕೆ ಬೆರಳಿನಿಂದ ಟಕ್ ಟಕ್ ಬಡಿದ.

"ದಿಸ್ ಈಸ್ ದ ಹೆಡ್."

ತಳಕ್ಕೇ ತಲೆ ಎನ್ನುವ ಜನ ಇವರು! ನಿಂತಿರುವ ಕೊಳವೆಯ ತಲೆ ನೆಲಕ್ಕೆ ಹತ್ತಿರುವುದಂತೆ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬಾಯಿ ಮೇಲಿದೆ, ಕೊರಳು ಮೇಲಿದೆ, ಹೆಗಲು ಮೇಲಿದೆ, ಇವೆಲ್ಲ ಅವರೇ ಇಟ್ಟ ಹೆಸರು. ತಲೆ ಮಾತ್ರ ಅಡಿಯಲ್ಲಿ. ಹೀಗಾದರೆ ಆ ಪ್ರಾಣಿ ಎದ್ದು ನಿಲ್ಲುವುದು ಹೇಗೆ?

ಮೊದಲು ನಕ್ಕವಳು ಹೆಂಡತಿ. ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಒರಗಿದಳು. "ನೋಡ್ರಿ ಅಮ್ಮಾರ, ನಾಕು ತಿಂಗಳು ತಲಿ ಅಂತ ತಿಳಕೊಂಡು ಇವರು ಅದರ ಬಾಯಿ ಹಜಾಮತಿ ಮಾಡ್ಯಾರ!"

"ಹಜಾಮತಿ ಅಲ್ಲವಾ, ಹಲ್ಲು ಕಿತ್ತಾನ," ಎಂದೆ.

ಮುದುಕನಿಗೆ ಏನೂ ತಿಳಿಯದೆ ಅವನೂ ನಕ್ಕ. ಇವನು ಮಾತ್ರ ನಗಲಿಲ್ಲ. ಕಪ್ಪು ಮಸಿ ಬಳಿದಿದ್ದ ಮೊದಲಿನ ಆ ಕೊಳವೆಯನ್ನು ಡಬ್ಬಿಯಿಂದ ಹುಡುಕಿ ತೆಗೆದು, ತಳದ ಹೊಳೆಯುವ ಉಂಗುರವನ್ನು ನೋಡುತ್ತಾ, "ಇದು ಹೇಳಿತ್ತಲ್ಲ, ನಾ ಕೇಳ್ಲಿಲ್ಲಲ್ಲ," ಎಂದ.

ಆಮೇಲಿನದು ಸಣ್ಣ ಕೆಲಸ. ಬೇರೆಯವರ ಬಂದೂಕಿನ ಸಡಿಲ ಗೂಡಿನಲ್ಲಿ ಹಾರಿ ಅವುಗಳ ತಳ ಉಬ್ಬಿತ್ತು, ಇವನ ಡೈ ಅಷ್ಟು ಕೆಳಗೆ ಮುಟ್ಟುತ್ತಿರಲಿಲ್ಲ. ಇವನು ಸಡಿಲ ಮಾಡಿದ ಮೇಲಂತೂ ಇನ್ನೂ ಮೇಲೆ ಹೋಗಿತ್ತು. ಮುದುಕ ಮರುವಾರ ತಳದ ತನಕ ಹಿಚುಕುವ ಬೇರೆ ಡೈ ತಂದುಕೊಟ್ಟ. ಹೆರೆದು ಕೆಟ್ಟವನ್ನು ಗುಜರಿಗೆ ಹಾಕಿದರು. ಉಳಿದವನ್ನು ಒತ್ತಿ, ಒಂದೊಂದಾಗಿ ಬಂದೂಕಿಗೆ ಹಾಕಿ ನೋಡಿದ. ಖಟ್. ಖಟ್. ಖಟ್. ಒಂದೂ ಒಲ್ಲೆ ಎನ್ನಲಿಲ್ಲ. ಕೇಳಿ ಕೇಳಿ ನನಗೆ ಜೋಂಪು ಬಂತು. ಈಗಲಾದರೂ ಕುಣಿಯುತ್ತಾನೆಂದು ನೋಡಿದರೆ, ಎಲ್ಲಾ ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿ ನೋಡತೊಡಗಿದ.

ಮುಂದಿನ ವರ್ಷ ಅದೇ ಕಾಲಕ್ಕೆ ಗುಡ್ಡಕ್ಕೆ ಹೋದ. ಹೆಂಡತಿ ಎರಡು ದಿನ ನಮ್ಮ ಮನೆಗೂ ಅವರ ಮನೆಗೂ ಓಡಾಡಿದಳು. ಜಿಂಕೆ ಸಿಕ್ಕದಿದ್ದರೂ ಅಡ್ಡಿಯಿಲ್ಲ, ಆ ಎರಡನೆಯದು ಒಳಗೆ ಹೋದರೆ ಸಾಕು, ಇಲ್ಲವಾದರೆ ಈ ಮನುಷ್ಯ ನನ್ನ ಕೈಗೆ ಸಿಕ್ಕುವುದಿಲ್ಲ ಎನ್ನುತ್ತಿದ್ದಳು.

ಮಧ್ಯಾಹ್ನ ಯೂಟ್ ಬಂದು ನಿಂತಿತು. ಹಿಂದೆ ಟಾರ್ಪಾಲಿನ ಕೆಳಗೆ ಜಿಂಕೆ ಇತ್ತು, ಕಾಲು ಕಾಣಿಸಿತು. ನಾನು ಆ ಕಡೆ ನೋಡಲಿಲ್ಲ. ಅವನು ಇಳಿದು ಬಂದು ಮೆಟ್ಟಿಲ ಮೇಲೆ ಕೂತ.

"ಎರಡನೇದು?" ಎಂದಳು ಹೆಂಡತಿ.

"ಹೋತು."

"ಅಲ್ಹಮ್ದುಲಿಲ್ಲಾ!"

"ಸಲೀಸ ಹೋತು. ಎಣ್ಣಿ ಹಚ್ಚಿದಂಗ. ಅಲ್ಲೇ ಬಿತ್ತು, ನರಳ್ಲಿಲ್ಲ."

ಹೆಂಡತಿ ಚಹಾಕ್ಕೆ ಇಡಲು ಒಳಗೆ ಓಡಿದಳು. ಅವನ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಮದುವೆ ಮುಗಿಸಿ ಪೆಂಡಾಲು ಬಿಚ್ಚುವವನ ಮುಖ.

"ಮತ್ತ ಹಿಂಗ್ಯಾಕ ಕುಂತೀಯೋ? ನೀ ಅಂದದ್ದ ಆತಲ್ಲ."

ಅವನು ತನ್ನ ಬಲಗೈಯನ್ನು ಮುಂದೆ ಚಾಚಿ ನನಗೆ ತೋರಿಸಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ದಣಿವು ಎಂದುಕೊಂಡೆ.

"ದಣಿವಲ್ರಿ. ಹೋದ ವರ್ಷಾನೂ ಹಿಂಗ ಇತ್ತು. ಹೋದ ವರ್ಷ ಎರಡನೇದು ಹೋಗ್ಲಿಲ್ಲ ಅಂತ ಅದರ ಹಿಂದ ಬಿದ್ದೆ. ಎರಡನೇದು ಯಾಕ ಬೇಕಾತು, ಮದ್ಲನೇದು ಯಾಕ ತಪ್ಪಿತು, ಇದನ್ನ ಕೇಳ್ಲೇ ಇಲ್ಲ. ನಿನ್ನೆ ಮತ್ತ ಮದ್ಲನೇದು ತಪ್ಪಿತು. ಹಿತ್ತಾಳಿ ಸರಿ ಐತಿ, ಬಂದೂಕು ಸರಿ ಐತಿ. ಉಳದಾಂವ ನಾ ಒಬ್ಬಾಂವ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಡಾಕ್ಟರಿಗೆ ಕೈ ತೋರಿಸ್ಕೋ, ಕಣ್ಣೂ ತೋರಿಸ್ಕೋ," ಎಂದೆ. "ತೋರಸ್ತೀನ್ರಿ," ಎಂದ.

ಜಿಂಕೆಯ ಒಂದು ತೊಡೆಯನ್ನು ಆ ಮುದುಕನಿಗೆ ಕೊಟ್ಟು ಬಂದ. ಮುಂದಿನ ವಾರ ಬಂದೂಕನ್ನೂ ಅವನಿಗೇ ಬರೆದುಕೊಟ್ಟ. ಡೈ, ಪ್ರೆಸ್ಸು, ಸರಿಯಾದ ಹಿತ್ತಾಳೆ ಎಲ್ಲವೂ ಅದರ ಜೊತೆಗೇ ಹೋಯಿತು. ಮೇಜು ಖಾಲಿ. ನಾನು ಅದೇ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಸಿಟ್ಟೇ ಬಂತು.

"ಕೆಟ್ಟಿದ್ದಾಗ ಎದಿಗೆ ಅವುಚಿಕೊಂಡು ಕುಂತಿದ್ದಿ. ಸರಿ ಆದ ಮ್ಯಾಲೆ ಎತ್ತಿ ಕೊಟ್ಟಿ. ಹಂಗಾರ ಒಂದು ವರ್ಷ ಒದ್ದಾಡಿದ್ದು ಯಾತಕ್ಕೋ?"

"ಒದ್ದಾಡಲಿಲ್ಲಂದ್ರ ತಿಳೀತಿದ್ದಿಲ್ಲಲ್ರಿ," ಎಂದ. "ಸಾಯೂತನಕ ಹಿತ್ತಾಳಿಗೆ ಬೈಕೊಂತ ಇರ್ತಿದ್ನಿ."

ಒಳಗಿನಿಂದ ಹೆಂಡತಿ ಕೂಗಿದಳು. "ಇನ್ನ ಹಿತ್ತಾಳಿ ಇಲ್ಲ ಅಮ್ಮಾರ, ನನಗ ಬೈತಾರ ನೋಡ್ರಿ!"

ಬೈಯಲಿಲ್ಲವಂತೆ. ಕಡೆಯ ತನಕ ಒಂದು ಮಾತೂ ಬೈಯಲಿಲ್ಲ ಎಂದು ಮೊನ್ನೆ ಆಕೆಯೇ ಫೋನಿನಲ್ಲಿ ಹೇಳಿದಳು. ಬೈದಿದ್ದರೆ ಚಲೋ ಇತ್ತು, ನೆನಸಿಕೊಂಡು ಸಿಟ್ಟಾದರೂ ಮಾಡಬಹುದಿತ್ತು ಎಂದಳು. ನಾನು ಹೂಂ ಎಂದೆ.